ನರಕ್ಕೆ ಹಾಕಿದ ಸ್ಟೆಮ್ ಸೆಲ್ ಮೂಳೆಯೊಳಗೆ ಹೋಗುವುದು ಹೇಗೆ?

ಗೋಣಿಕೊಪ್ಪಲಿನ ಓದುಗರೊಬ್ಬರ ಪ್ರಶ್ನೆ: "ಅಣ್ಣನ ಮಗನಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಯ್ತು. ಮೂಳೆ ಕೊರೆಯುತ್ತಾರೆ ಅಂದುಕೊಂಡಿದ್ದೆವು. ನೋಡಿದರೆ ರಕ್ತ ಕೊಡುವ ಹಾಗೆ ನರಕ್ಕೇ ಹಾಕಿದರು. ಅದು ಮೂಳೆಗೆ ಸೇರುತ್ತಾ?"

ಸೇರುತ್ತದೆ, ಯಾರೂ ದಾರಿ ತೋರಿಸಬೇಕಾಗಿಲ್ಲ. ಹಾಕಿದ್ದು ಸ್ಟೆಮ್ ಸೆಲ್, ಅಂದರೆ ರಕ್ತಕಣಗಳನ್ನೆಲ್ಲ ಹುಟ್ಟಿಸುವ ಮೂಲ ಜೀವಕೋಶ. ಅದರ ಮನೆ ಮೂಳೆಯೊಳಗಿನ ಮಜ್ಜೆ (ಬೋನ್ ಮ್ಯಾರೋ). ಮಜ್ಜೆಯಲ್ಲಿ ಸಣ್ಣ ರಕ್ತನಾಳಗಳನ್ನು ಸುತ್ತಿಕೊಂಡು ಕೆಲವು ಜೀವಕೋಶಗಳಿವೆ. ಅವು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಬಿಡುತ್ತಾ ಇರುತ್ತವೆ. ಸ್ಟೆಮ್ ಸೆಲ್‌ನ ಮೈಮೇಲೆ ಅದನ್ನು ಗುರುತು ಹಿಡಿಯುವ ಗ್ರಾಹಕ ಇದೆ, ಹಾಗಾಗಿ ರಕ್ತದ ಜೊತೆ ಮೈಯೆಲ್ಲಾ ಸುತ್ತುತ್ತಾ ಮಜ್ಜೆಗೆ ಬಂದಾಗ ಅದು ನಾಳದ ಗೋಡೆಗೆ ಅಂಟಿಕೊಂಡು, ಗೋಡೆ ದಾಟಿ, ಒಳಗೆ ನೆಲೆ ನಿಲ್ಲುತ್ತದೆ. ಎಲ್ಲವೂ ತಲುಪುವುದಿಲ್ಲ. ಶ್ವಾಸಕೋಶ, ಲಿವರ್, ಗುಲ್ಮದಲ್ಲೂ (ಸ್ಪ್ಲೀನ್) ಒಂದಷ್ಟು ಸಿಕ್ಕಿಕೊಳ್ಳುತ್ತವೆ.

ದಾನಿಯಿಂದ ಸೆಲ್ ತೆಗೆಯುವಾಗ ಇದೇ ಕೆಲಸ ತಿರುಗುಮುರುಗು. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ, ಮಜ್ಜೆಯನ್ನು ಚುರುಕುಗೊಳಿಸುವ ಔಷಧಿಯ ಇಂಜೆಕ್ಷನ್ ಕೊಟ್ಟರೆ ಮಜ್ಜೆಯಲ್ಲಿ ಆ ಪ್ರೋಟೀನ್ ಕಡಿಮೆಯಾಗಿ, ಹಿಡಿತ ಸಡಿಲವಾಗಿ, ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಮೆಷಿನ್ ಅವನ್ನು ರಕ್ತದಿಂದ ಬೇರೆ ಮಾಡುತ್ತದೆ.

ಒಳಗೆ ಸೇರಿದ ಮೇಲೆ ಏನಾಗುತ್ತದೆ ಅನ್ನುವುದೇ ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ. ಒಳ್ಳೆಯ ಬೀಜ ಇದ್ದರೆ ಸಾಲದು, ಜಾಗವೂ ಸರಿಯಿರಬೇಕು. 1960ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ಟಿಲ್ ಮತ್ತು ಮೆಕಲಕ್ ಅವರ ತಂಡ ರಕ್ತಹೀನತೆ ಇದ್ದ ಎರಡು ತಳಿಯ ಇಲಿಗಳನ್ನು ಪರೀಕ್ಷಿಸಿತು. ಡಬ್ಲ್ಯೂ ತಳಿಗೆ ಆರೋಗ್ಯವಂತ ಇಲಿಯ ಮಜ್ಜೆ ಕೊಟ್ಟರೆ ರಕ್ತಹೀನತೆ ವಾಸಿಯಾಯಿತು. ಸ್ಟೀಲ್ ತಳಿಗೆ ಅದನ್ನೇ ಕೊಟ್ಟರೂ ಆಗಲಿಲ್ಲ. ಆದರೆ ಆ ಸ್ಟೀಲ್ ಇಲಿಯದೇ ಮಜ್ಜೆ ತೆಗೆದು ಡಬ್ಲ್ಯೂ ಇಲಿಗೆ ಹಾಕಿದರೆ ಚೆನ್ನಾಗಿ ಕೆಲಸ ಮಾಡಿತು! ಅಂದರೆ ಸ್ಟೀಲ್ ಇಲಿಯ ಸೆಲ್ ಸರಿಯಾಗೇ ಇತ್ತು, ಕೆಟ್ಟಿದ್ದು ಅದು ಇರುವ ಜಾಗ. ಸ್ಟೆಮ್ ಸೆಲ್ ಬದುಕಲು ಬೇಕಾದ ಒಂದು ಪ್ರೋಟೀನ್ ಅಲ್ಲಿ ಸರಿಯಾಗಿ ತಯಾರಾಗುತ್ತಿರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಸ್ಟೆಮ್ ಸೆಲ್ ಹಾಗೇ ಉಳಿಯಲು ಅದಕ್ಕೊಂದು ನೆಲೆ ಬೇಕು ಎಂದು ಮ್ಯಾಂಚೆಸ್ಟರಿನ ವಿಜ್ಞಾನಿ ರೇ ಸ್ಕೋಫೀಲ್ಡ್ 1978ರಲ್ಲಿ ಬರೆದರು.

ಆ ನೆಲೆಯ ಮುಖ್ಯ ಕೆಲಸ ಸ್ಟೆಮ್ ಸೆಲ್‌ಗೆ ವಿಶ್ರಾಂತಿ ಕೊಡುವುದು. ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡದ ಮೇಲಿನ ನೆರಳು ಪೂರ್ತಿ ತೆಗೆದರೆ ಮೊದಲು ಗೆಲ್ಲು ಬಗ್ಗುವಷ್ಟು ಕಾಯಿ ಕಟ್ಟುತ್ತದೆ, ಆಮೇಲೆ ಗೆಲ್ಲು ಒಣಗಿ ಗಿಡವೇ ಸೋಲುತ್ತದೆ ಅಲ್ವಾ? ನೆಲೆ ತಪ್ಪಿದ ಸ್ಟೆಮ್ ಸೆಲ್ ಕೂಡ ಸುಮ್ನೆ ಎರಡೆರಡಾಗಿ ಒಡೆಯುತ್ತಾ ಒಡೆಯುತ್ತಾ ಮುಗಿದುಹೋಗುತ್ತದೆ. ನೆಲೆ ಸರಿಯಿದ್ದರೆ ಹೆಚ್ಚಿನವು ಸದ್ದಿಲ್ಲದೆ ಇದ್ದು, ಅಗತ್ಯ ಬಿದ್ದಾಗ ಮಾತ್ರ ಏಳುತ್ತವೆ.

ಕೆಂಪು ರಕ್ತಕಣ ಬೆಳೆಯುವುದಕ್ಕೂ ಅಲ್ಲೇ ಬೇರೆ ಏರ್ಪಾಡಿದೆ. ನಡುವೆ ಒಂದು ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ಜೀವಕೋಶ, ಕೂತು, ಸುತ್ತ ಬೆಳೆಯುವ ಮರಿಕಣಗಳು ಹೊರಹಾಕಿದ ನ್ಯೂಕ್ಲಿಯಸ್‌ಗಳನ್ನು ನುಂಗಿ ಹಾಕುತ್ತದೆ. ಎಷ್ಟು ತಯಾರಾಗಬೇಕು ಎಂಬ ಸೂಚನೆ ಮಾತ್ರ ಕಿಡ್ನಿಯಿಂದ, ಎರಿಥ್ರೋಪೊಯೆಟಿನ್ ಹಾರ್ಮೋನಿನ ರೂಪದಲ್ಲಿ ಬರುತ್ತದೆ. ಜಾಗವೇ ಹಾಳಾದರೆ ಏನಾಗುತ್ತದೆ ಅನ್ನುವುದು ಮೈಲೋಫೈಬ್ರೋಸಿಸ್ ಕಾಯಿಲೆಯಲ್ಲಿ ಕಾಣುತ್ತದೆ. ಮಜ್ಜೆಯಲ್ಲಿ ನಾರು ತುಂಬಿ, ರಕ್ತ ತಯಾರಿ ಗುಲ್ಮಕ್ಕೆ, ಲಿವರ್‌ಗೆ ಹೋಗುತ್ತದೆ, ಗುಲ್ಮ ಊದಿಕೊಳ್ಳುತ್ತದೆ.

ಈಗ ನಿಮ್ಮ ಹುಡುಗನ ವಿಷಯ. ಹೊಸ ಸೆಲ್‌ಗಳು ನೆಲೆ ನಿಂತು ಕೌಂಟ್ (ರಕ್ತಕಣಗಳ ಸಂಖ್ಯೆ) ಏರಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಮೊದಲು ಏರುವುದು ಹೆಚ್ಚಾಗಿ ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ನಿಧಾನ, ಅದಕ್ಕೇ ನಡುನಡುವೆ ರಕ್ತ, ಪ್ಲೇಟ್‌ಲೆಟ್ ಹಾಕುತ್ತಾರೆ. ಅದನ್ನು ನೋಡಿ ಟ್ರಾನ್ಸ್‌ಪ್ಲಾಂಟ್ ಕೆಟ್ಟಿತು ಅಂತ ಹೆದರಬೇಡಿ. ಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯದೆ ಡಾಕ್ಟರಿಗೆ ಹೇಳಿ.