ಮೊದಲು ದಂಡಿ, ಆಮೇಲೆ ಬಣ್ಣ: ಅಗ್ಗದ ಬೇಸ್ ಗಿಟಾರ್ ಕೊಳ್ಳುವವರಿಗೆ ಟಿಪ್ಪಣಿ

ಧಾರವಾಡದಲ್ಲಿ ಬೇಸ್ ಗಿಟಾರ್ (ಮಂದ್ರ ಸ್ವರಗಳ ಗಿಟಾರ್) ಕಲಿಯುತ್ತಿದ್ದೇನೆ ಎಂದರೆ ಸಾಕು, "ನಾಲ್ಕೇ ತಂತಿಯೇ? ಹಾಗಾದರೆ ತಂಬೂರಿಯೇ ಸಾಕಿತ್ತಲ್ಲ!" ಎನ್ನುವವರು ಸಿಗುತ್ತಾರೆ. ತಮಾಷೆಯ ಮಾತಾದರೂ ಅದರಲ್ಲಿ ಹುರುಳಿದೆ. ತಂಬೂರಿ ಕೇಳಿ ಪಳಗಿದ ಕಿವಿ ಇದ್ದರೆ ಅಗ್ಗದ ಬೇಸ್ ಪರೀಕ್ಷಿಸುವ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಒಂದು ಉಕ್ಕಿನ ಸ್ಕೇಲು, ಒಂದು ಹಳೆಯ ಎಟಿಎಂ ಕಾರ್ಡು, ಅಂಗಡಿಯವರ ಅವಸರಕ್ಕೆ ಬಗ್ಗದ ಅರ್ಧ ಗಂಟೆ ಬೇಕು.

ನಾನು ಇದನ್ನು ಕಲಿತದ್ದು ದುಡ್ಡು ತೆತ್ತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ, ಅಂಚಿನಲ್ಲಿ ಕಪ್ಪು, ನಡುವೆ ಜೇನಿನ ಬಣ್ಣವಿದ್ದ ಹಳೆಯ ಬೇಸ್ ಒಂದಕ್ಕೆ ಮನಸೋತೆ. ಪರೀಕ್ಷೆಯ ಹೆಸರಿನಲ್ಲಿ ಮೊದಲ ಮೂರು ಫ್ರೆಟ್‌ಗಳನ್ನಷ್ಟೇ (ತಂತಿಯ ಕೆಳಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳು) ನುಡಿಸಿದೆ. ಚಿಗರಿ ಬಸ್ಸಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು ಧಾರವಾಡಕ್ಕೆ ತಂದು ನೋಡಿದರೆ, ಎಲ್ಲಕ್ಕಿಂತ ತೆಳ್ಳನೆಯ ಜಿ ತಂತಿಯ ಏಳನೇ ಫ್ರೆಟ್ ಒತ್ತಿದರೂ ಎಂಟನೆಯದರ ಸ್ವರವೇ ಬರುತ್ತಿತ್ತು. ಎಂಟನೇ ಫ್ರೆಟ್ ತನ್ನ ಸೀಳಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಬಣ್ಣ ಮಾತ್ರ ಈಗಲೂ ಚೆನ್ನಾಗಿಯೇ ಇದೆ.

ಅಂದಿನಿಂದ ನಾನು ಹಿಡಿದಿರುವ ಲೆಕ್ಕ ಒಂದೇ: ಆಮೇಲೆ ಬದಲಾಯಿಸಬಹುದಾದದ್ದು ಯಾವುದು, ಬದಲಾಯಿಸಲಾಗದ್ದು ಯಾವುದು? ತಂತಿ, ಅದನ್ನು ಬಿಗಿಯುವ ಕಿವಿ, ತಂತಿಯ ಕಂಪನ ಹಿಡಿಯುವ ಪಿಕಪ್, ಗುಂಡಿ ಎಲ್ಲವನ್ನೂ ಬದಲಾಯಿಸಬಹುದು. ದಂಡಿ ಕೆಟ್ಟಿದ್ದರೆ ಅದರ ಖರ್ಚಿನಲ್ಲಿ ಇನ್ನೊಂದು ಬೇಸ್ ಬರುತ್ತದೆ. (ನೆಕ್, ಅಂದರೆ ಫ್ರೆಟ್‌ಗಳಿರುವ ಉದ್ದನೆಯ ಕತ್ತನ್ನು ತಂಬೂರಿಯವರಂತೆ ದಂಡಿ ಎಂದೇ ಕರೆಯುತ್ತೇನೆ.) ನಾಲ್ಕು ತಂತಿಗಳು ಸೇರಿ ಈ ದಂಡಿಯನ್ನು 70 ಕಿಲೋಗಿಂತ ಹೆಚ್ಚಿನ ಬಲದಿಂದ ಎಳೆಯುತ್ತಿರುತ್ತವೆ; ಮುಕ್ಕಾಲು ಚೀಲ ಜೋಳದ ಭಾರ ಅದು, ಹಗಲೂ ರಾತ್ರಿ. ಆ ಎಳೆತವನ್ನು ತಡೆಯಲೆಂದೇ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ.

ಪರೀಕ್ಷೆ ಹೀಗೆ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ನೇರ ಗೆರೆ. ಏಳು, ಎಂಟನೇ ಫ್ರೆಟ್‌ಗಳ ಬಳಿ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಸಂದು ಹೆಚ್ಚೋ ಕಡಿಮೆಯೋ ಇದ್ದರೆ ಅಂಗಡಿಯವರಿಗೇ ರಾಡನ್ನು ಕಾಲು ಸುತ್ತು ತಿರುಗಿಸಲು ಹೇಳಿ. ತಿರುಗದಿದ್ದರೆ, ತಿರುಗಿಸಿದರೂ ದಂಡಿ ಜಗ್ಗದಿದ್ದರೆ ಆ ಬೇಸನ್ನು ಅಲ್ಲೇ ಬಿಟ್ಟು ಬನ್ನಿ. ನಂತರ ಎಟಿಎಂ ಕಾರ್ಡಿನ ಅಂಚನ್ನು ತಂತಿಗಳ ನಡುವೆ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ. ಕಾರ್ಡು ಏತದಂತೆ ಆಡಿದರೆ ನಡುವಿನ ಫ್ರೆಟ್ ಎತ್ತರವಿದೆ ಎಂದರ್ಥ. ಐದನೆಯದರ ಆಸುಪಾಸಿನಲ್ಲಿ ಉದ್ದನೆಯ ಅಂಚು, ಹನ್ನೆರಡರಿಂದಾಚೆ ಗಿಡ್ಡ ಅಂಚು ಸರಿಹೋಗುತ್ತದೆ. ಈ ಇಪ್ಪತ್ತು ರೂಪಾಯಿಯೂ ಬಾಳದ ಉಪಾಯ ಗೊತ್ತಿದ್ದಿದ್ದರೆ ನನ್ನ ಕಥೆಯೇ ಬೇರೆಯಿತ್ತು.

ದಂಡಿಯ ಅಂಚಿನುದ್ದಕ್ಕೂ ಅಂಗೈ ಸವರಿ ನೋಡಿ. ಬೇಸಿಗೆಯ ಒಣಹವೆಗೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಫ್ರೆಟ್‌ಗಳ ತುದಿ ಮುಳ್ಳಿನಂತೆ ಹೊರಚಾಚುತ್ತದೆ. ಅರದಿಂದ ಉಜ್ಜಿದರೆ ಹೋಗುತ್ತದೆ, ಹೆದರಬೇಕಿಲ್ಲ. ಬೆಲೆ ಇಳಿಸಲು ಮಾತ್ರ ಒಳ್ಳೆಯ ನೆಪ.

ಇನ್ನು ಕಿವಿಯ ಸರದಿ. ಆಂಪ್ಲಿಫೈಯರ್‌ಗೆ ಜೋಡಿಸುವ ಮೊದಲೇ ಪ್ರತಿ ತಂತಿಯ ಪ್ರತಿ ಫ್ರೆಟ್ ಅನ್ನೂ ನುಡಿಸಿ. ತಂಬೂರಿಯಲ್ಲಿ ನಾವು ನೂಲಿನೆಳೆ ಸರಿಸಿ ಸರಿಸಿ ಜವಾರಿ ತರಿಸುತ್ತೇವೆ. ತಂತಿ ಕುದುರೆಯನ್ನು ಸವರುತ್ತಾ ಝೇಂಕರಿಸುವುದೇ ಅಲ್ಲಿ ಸೊಗಸು. ಬೇಸ್‌ನಲ್ಲಿ ಅದೇ ಝೇಂಕಾರ ತಂತಿ ಫ್ರೆಟ್‌ಗೆ ತಾಗುತ್ತಿರುವ ಲಕ್ಷಣ. ಜವಾರಿ ಬದನೆಕಾಯಿ ಬೇಕು, ಜವಾರಿ ಬೇಸ್ ಬೇಡ. ಎಲ್ಲ ಕಡೆ ಸಮನಾಗಿ ಝೇಂಕರಿಸಿದರೆ ತಂತಿ ತೀರ ಕೆಳಗಿದೆ. ಹನ್ನೆರಡನೇ ಫ್ರೆಟ್‌ನ ಮೇಲೆ 2ರಿಂದ 2.5 ಮಿ.ಮೀ. ಸಂದು ಇರುವಂತೆ ತಂತಿ ಎತ್ತರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದೆರಡು ಕಡೆ ಮಾತ್ರ ಕೇಳಿಸಿದರೆ ದೋಷ ಫ್ರೆಟ್‌ನದು.

ಶ್ರುತಿಯನ್ನು ಸ್ವರದ ಭಾಷೆಯಲ್ಲೇ ನೋಡೋಣ. ದಪ್ಪನೆಯ ಇ ತಂತಿ (41.2 ಹರ್ಟ್ಸ್) ಷಡ್ಜವಾದರೆ ಐದನೇ ಫ್ರೆಟ್ ಶುದ್ಧ ಮಧ್ಯಮ, ಏಳನೆಯದು ಪಂಚಮ, ಹನ್ನೆರಡನೆಯದು ಮೇಲಿನ ಷಡ್ಜ. ಪಕ್ಕದ ಎ ತಂತಿಯನ್ನು ಒತ್ತದೆ ನುಡಿಸಿದರೆ ಆ ಮಧ್ಯಮವೇ ಬರುತ್ತದೆ. ಡಿ, ಜಿ ತಂತಿಗಳದ್ದೂ ಇದೇ ನಂಟು. ಈಗ ಹನ್ನೆರಡನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ ಬರಿದೆ ತಾಗಿಸಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಷಡ್ಜವಾಗಬೇಕು. ಒತ್ತಿದ್ದು ಏರಿದ್ದರೆ ಬ್ರಿಜ್‌ನ (ಬೇಸ್‌ನ ಕುದುರೆಯ) ತಿರುಪಿನಿಂದ ಸ್ಯಾಡಲ್ಲನ್ನು, ಅಂದರೆ ತಂತಿ ಕೂರುವ ಚಿಕ್ಕ ತುಂಡನ್ನು, ಹಿಂದಕ್ಕೆ ಎಳೆಯಬೇಕು. ಅದು ಆಗಲೇ ಕೊನೆ ಮುಟ್ಟಿದ್ದರೆ ಮುಂದೆ ದಾರಿಯಿಲ್ಲ. ಒಂದು ಎಚ್ಚರಿಕೆ: ತಂಬೂರಿಯ ಗಾಂಧಾರಕ್ಕೆ ಒಗ್ಗಿದ ಕಿವಿಗೆ ನಾಲ್ಕನೇ ಫ್ರೆಟ್‌ನ ಗಾಂಧಾರ ಏರಿದಂತೆ ಕೇಳಿಸುತ್ತದೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಶ್ರುತಿಯಲ್ಲಿ ಅದು 14 ಸೆಂಟ್‌ನಷ್ಟು (ಸೆಂಟ್ ಎಂದರೆ ಅಂಥ ಒಂದು ಪಾಲಿನ ನೂರನೇ ಒಂದು ಭಾಗ) ಏರಿಯೇ ಇರುತ್ತದೆ. ಅದಕ್ಕೆ ಅಂಗಡಿಯವರೊಡನೆ ಜಗಳ ಬೇಡ.

ಕೈ ಚಿಕ್ಕದಿದ್ದವರು ಅಳತೆಯನ್ನೂ ಗಮನಿಸಿ. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ತಂದ 34 ಇಂಚಿನ ತಂತಿಯುದ್ದವೇ ಇಂದಿಗೂ ರೂಢಿ. ಅದರಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 13 ಸೆಂ.ಮೀ. ಚಾಚಬೇಕು, 30 ಇಂಚಿನ ಗಿಡ್ಡ ಬೇಸ್‌ನಲ್ಲಿ ಹನ್ನೊಂದೂವರೆಗಿಂತ ಕಡಿಮೆ. ಹೆಗಲ ಪಟ್ಟಿ ಹಾಕಿಕೊಂಡು ನಿಂತು, ಎಡಗೈ ಬಿಟ್ಟೂ ನೋಡಿ. ತಲೆಭಾಗ ನೆಲದತ್ತ ವಾಲಿದರೆ ದಿನವೂ ಭುಜ ನೋಯುತ್ತದೆ.

ವಿದ್ಯುತ್ತಿನ ಭಾಗಕ್ಕೆ ಐದು ನಿಮಿಷ ಸಾಕು. ಗುಂಡಿ ತಿರುಗಿಸಿದಾಗ ಕರಕರ, ವೈರು ಅಲುಗಾಡಿಸಿದಾಗ ಸದ್ದು ಕಡಿತ: ಎರಡೂ ಸಣ್ಣ ರಿಪೇರಿ. ತಂತಿ ಮುಟ್ಟಿದಾಗ ಗುಂಯ್ ಸದ್ದು ಇಳಿದರೆ ಅರ್ಥಿಂಗ್ ಸರಿಯಿದೆ, ಏರಿದರೆ ಇಲ್ಲ. ಬ್ಯಾಟರಿ ಬೇಡದ ಪ್ಯಾಸಿವ್ ಬೇಸ್ ಮೊದಲಿಗೆ ಮೇಲು.

ಇರುವ ದುಡ್ಡನ್ನೆಲ್ಲ ಬೇಸ್‌ಗೇ ಸುರಿಯಬೇಡಿ. ಹೊಸ ತಂತಿ, ಅಗಲವಾದ ಪಟ್ಟಿ, ಹೆಡ್‌ಫೋನ್‌ಗೆ ಜೋಡಿಸುವ ಚಿಕ್ಕ ಆಂಪ್ಲಿಫೈಯರ್ ಇವಕ್ಕೆ ಒಂದು ಪಾಲು ತೆಗೆದಿಡಿ. ಮೊಬೈಲಿನ ಸ್ಪೀಕರಿನಲ್ಲಿ 41 ಹರ್ಟ್ಸ್ ಹುಟ್ಟುವುದೇ ಇಲ್ಲ, ಪಕ್ಕದ ಮನೆಯ ಗೋಡೆಯಲ್ಲಿ ಮಾತ್ರ ಚೆನ್ನಾಗಿ ಹುಟ್ಟುತ್ತದೆ.