ನಂಬಿಕೆ ಯಾರ ನಿರ್ಧಾರ?

2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆಯ ಒಪ್ಪಿಗೆ ಸಿಕ್ಕಿತು. ಸದನದ ಒಳಗೂ ಹೊರಗೂ ಕಾವೇರಿದ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿತ್ತು: ಕ್ರೈಸ್ತನಾದವನು ತಾನಾಗಿ ಆದನೋ, ಯಾರಾದರೂ ಮಾಡಿದರೋ? 2022ರಲ್ಲಿ ಅದು ಕಾಯ್ದೆಯಾಯಿತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆ ತುಂಬಿ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿಯ, ತಹಶೀಲ್ದಾರ್ ಕಚೇರಿಯ ಸೂಚನಾ ಫಲಕಕ್ಕೆ ಹಚ್ಚಿ, ತಕರಾರಿದ್ದವರು ಹೇಳಿ ಎಂದು ಕರೆಯಬೇಕು. 1977ರಲ್ಲೇ ಸುಪ್ರೀಂ ಕೋರ್ಟು ಧರ್ಮಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತ್ತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು.

ಪರ ನಿಂತವರೂ ವಿರೋಧಿಸಿದವರೂ ಒಂದು ಮಾತನ್ನು ಚರ್ಚೆಯಿಲ್ಲದೇ ಒಪ್ಪಿಕೊಂಡಿದ್ದರು: ನಂಬಿಕೆಯನ್ನು ಮನುಷ್ಯ ತಾನೇ ಆರಿಸಿಕೊಳ್ಳುತ್ತಾನೆ. ತಮಾಷೆಯೆಂದರೆ, ಕ್ರೈಸ್ತ ಧರ್ಮದೊಳಗೇ ಈ ಮಾತು ಸಲೀಸಾಗಿ ದಕ್ಕಿದ್ದಲ್ಲ. ಇದರ ಮೇಲೆ ಚರ್ಚುಗಳು ಒಡೆದಿವೆ, ಗೆಳೆತನಗಳು ಮುರಿದಿವೆ.

ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಫಿಲಿಪ್ಪಿಯ ಸೆರೆಮನೆಯ ಯಜಮಾನ ನಡುಗುತ್ತ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನನ್ನು ಕೇಳುತ್ತಾನೆ, ರಕ್ಷಣೆ (ಪಾಪದಿಂದ ಬಿಡುಗಡೆ) ಹೊಂದಲು ನಾನೇನು ಮಾಡಬೇಕು? ಯೇಸುವನ್ನು ನಂಬು ಎಂಬ ಉತ್ತರ ಬರುತ್ತದೆ. ಅದೇ ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ ರಕ್ಷಣೆ ನಿಮ್ಮಿಂದ ಆದದ್ದಲ್ಲ, ದೇವರು ಕೊಟ್ಟ ವರ ಎನ್ನುತ್ತಾನೆ. ನಂಬುವುದು ನನ್ನ ಕೆಲಸವಾದರೆ ವರ ಹೇಗಾಯಿತು? ವರವಾದರೆ ನಂಬು ಎಂದು ಅಪ್ಪಣೆ ಯಾಕೆ?

ಐದನೆಯ ಶತಮಾನದ ಆರಂಭದಲ್ಲಿ ಜಗಳ ಬಯಲಿಗೆ ಬಂತು. ಬ್ರಿಟನ್ ಕಡೆಯಿಂದ ರೋಮಿಗೆ ಬಂದಿದ್ದ ಪೆಲಾಗಿಯಸ್ ಎಂಬ ವಿರಕ್ತ, ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯದನ್ನು ಆರಿಸಬಲ್ಲ ಎಂದ. ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್ ಅದಕ್ಕೆ ಒಪ್ಪಲಿಲ್ಲ. ಪಾಪದಲ್ಲಿ ಬಿದ್ದ ಮನಸ್ಸಿಗೆ ದೇವರತ್ತ ತಿರುಗುವ ಶಕ್ತಿಯೇ ಇಲ್ಲ, ಕೃಪೆ ಮೊದಲು ಎತ್ತಬೇಕು ಎಂದು ಅವನ ವಾದ. 418ರಲ್ಲಿ ಕಾರ್ತೇಜಿನ ಸಭೆ ಪೆಲಾಗಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು.

ಸಾವಿರದ ನೂರು ವರ್ಷಗಳ ಮೇಲೆ ಅದೇ ಜಗಳ ಮತ್ತೆ ಎದ್ದಿತು. 1524ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಮನುಷ್ಯನ ಸ್ವಾತಂತ್ರ್ಯದ ಪರ ಬರೆದ. ಮರುವರ್ಷ, ಪ್ರಾಟೆಸ್ಟಂಟ್ ಸುಧಾರಣೆ ಆರಂಭಿಸಿದ್ದ ಲೂಥರ್, ಆ ಮನಸ್ಸು ಬಂಧಿಯೇ ಎಂದು ಖಾರವಾಗಿ ತಿರುಗಿಬಿದ್ದ. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ನಡುದಾರಿ ಹಿಡಿಯಿತು: ಮೊದಲ ಹೆಜ್ಜೆ ಕೃಪೆಯದು, ಆದರೆ ಅದನ್ನು ಸ್ವೀಕರಿಸಲೂ ಬಹುದು, ನೂಕಲೂ ಬಹುದು. ಪ್ರಾಟೆಸ್ಟಂಟ್ ಸುಧಾರಕ ಕಾಲ್ವಿನ್ ಮಾತ್ರ ಎಳ್ಳಷ್ಟೂ ಸಡಿಲಿಸಲಿಲ್ಲ. ಯಾರು ಉಳಿಯುತ್ತಾರೆ, ಯಾರು ಕೆಡುತ್ತಾರೆ ಎಂಬುದು ಜಗತ್ತು ಹುಟ್ಟುವ ಮೊದಲೇ ದೇವರ ಚಿತ್ತದಲ್ಲಿ ಆಗಿಹೋಗಿದೆ ಎಂದ. ದಾಸರ ಪದ ಕೇಳಿ ಬೆಳೆದ ವಿಜಯಪುರದ ಓದುಗರಿಗೆ ಇದು ತೀರ ಅಪರಿಚಿತವೇನಲ್ಲ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮಧ್ವರು ಜೀವರನ್ನು ವಿಂಗಡಿಸಿದ್ದು ನೆನಪಾಗುತ್ತದೆ. ಆದರೆ ಮಧ್ವರಲ್ಲಿ ಆ ಭೇದ ಜೀವದ ಸ್ವಭಾವದಲ್ಲೇ ಇದೆ. ಕಾಲ್ವಿನ್‌ನಲ್ಲಿ ಅದು ದೇವರ ತೀರ್ಮಾನ.

ಹಾಲೆಂಡಿನ ಆರ್ಮೀನಿಯಸ್‌ನ ಶಿಷ್ಯರು 1610ರಲ್ಲಿ ಕಾಲ್ವಿನ್‌ನ ಈ ಮಾತಿಗೆ ತಕರಾರು ಎತ್ತಿದರು. 1618–19ರ ಡಾರ್ಟ್ ಸಭೆ ಅವರನ್ನು ಹೊರಗಿಟ್ಟಿತು. ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಆರ್ಮೀನಿಯಸ್‌ನ ಪಕ್ಷ ಹಿಡಿದ: ಕೃಪೆ ಎಲ್ಲರಿಗೂ ಮುಂಚೆಯೇ ಬಂದು ಕಾದಿರುತ್ತದೆ, ಹೂಂ ಅನ್ನುವುದು ನಮ್ಮ ಪಾಲು. ಇದೇ ಕಾರಣಕ್ಕೆ ಅವನಿಗೂ ಕಾಲ್ವಿನ್ ಪಕ್ಷದ ಗೆಳೆಯ ವೈಟ್‌ಫೀಲ್ಡ್‌ಗೂ ಕೆಟ್ಟಿತು.

ಈ ದೂರದ ವಾಗ್ವಾದಗಳು ನಮ್ಮ ಸೀಮೆಗೆ ಬಂದದ್ದು ಮಿಷನರಿಗಳ ಪೆಟ್ಟಿಗೆಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. ಆ ಸೊಸೈಟಿ ಬಹುಮಟ್ಟಿಗೆ ಕಾಲ್ವಿನ್ ಪರಂಪರೆಯದು. 1904ರಲ್ಲಿ ಬೆಳಗಾವಿಯ ಕೆಲಸವನ್ನೆಲ್ಲ ಮೆಥೊಡಿಸ್ಟರಿಗೆ, ಅಂದರೆ ವೆಸ್ಲಿಯ ಮಕ್ಕಳಿಗೆ, ಒಪ್ಪಿಸಿ ಅವರು ಹೊರಟರು. ಕಟ್ಟಡ ಅದೇ, ಕುಟುಂಬಗಳೂ ಅವೇ. ತಲೆಯ ಮೇಲಿನ ತತ್ತ್ವ ಮಾತ್ರ ತಿರುವುಮುರುವು. ಬೆಂಚಿನಲ್ಲಿ ಕೂತವರು ಇದನ್ನು ಗಮನಿಸಿರಲಾರರು ಎಂದೇ ನನ್ನ ಅಂದಾಜು. ಅಷ್ಟು ಹೊತ್ತಿಗೆ ಲಂಡನ್ ಮಿಷನ್ನಿನಲ್ಲೂ ಹಳೆಯ ಪಟ್ಟು ಸಡಿಲಾಗಿತ್ತು.

ಬಾಗಲಕೋಟೆ ಕಡೆಯ ಕಥೆ ಬೇರೆ. ಖಣ ನೇಯುವ ಊರು ಗುಳೇದಗುಡ್ಡದಲ್ಲಿ 1851ರಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಜರ್ಮನ್ ಭಕ್ತಿಪಂಥದ ಬೇರಿನದು. ಅವರಿಗೆ ದೇವರ ಪೂರ್ವನಿರ್ಣಯದ ಲೆಕ್ಕಾಚಾರಕ್ಕಿಂತ ಒಳಗಿನ ಮರುಹುಟ್ಟು ಮುಖ್ಯ. ಅದಕ್ಕೇ ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಿಂದ ಕ್ರೈಸ್ತರಾಗುವ ವಿಧಿಗೆ, ಬಂದವರನ್ನು ಮೊದಲು ಕೂರಿಸಿ ಕಲಿಸುತ್ತಿದ್ದರು, ನಡತೆ ನೋಡುತ್ತಿದ್ದರು, ಜಾತಿಯ ಕಟ್ಟು ಬಿಡಬೇಕು ಎನ್ನುತ್ತಿದ್ದರು. ಬಿಟ್ಟವನಿಗೆ ಓಣಿ, ಬಳಗ, ಹೆಣ್ಣು ಕೊಟ್ಟು ತರುವ ಸಂಬಂಧ ಎಲ್ಲವೂ ಹೋಗುತ್ತಿತ್ತು. ಮತ ಬಿಟ್ಟವನ ಆಸ್ತಿಹಕ್ಕನ್ನು ಉಳಿಸಿದ್ದು 1850ರ ಕಾನೂನು. ಸ್ವಾತಂತ್ರ್ಯದ ನಂತರ ಬೆಲೆ ಬೇರೆ ರೂಪದಲ್ಲಿ ಬಂತು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರವಿಲ್ಲ. ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಸುವುದೋ ಬೇಡವೋ ಎಂದು ಮಕ್ಕಳ ಶಾಲೆ, ನೌಕರಿ ಎಣಿಸಿ ಯೋಚಿಸುವವನ ಮುಂದೆ ಆಯ್ಕೆಯ ಸ್ವಾತಂತ್ರ್ಯ ಎಂಬ ದೊಡ್ಡ ಮಾತು ಸಣ್ಣದಾಗುತ್ತದೆ.

ಇನ್ನು ಹಸುಗೂಸುಗಳ ವಿಷಯ. ಕ್ಯಾಥೊಲಿಕ್, ಮೆಥೊಡಿಸ್ಟ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮೂರರಲ್ಲೂ ಮಗುವಿಗೆ ದೀಕ್ಷಾಸ್ನಾನವಿದೆ. ತಲೆಯ ಮೇಲೆ ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರು ಬೀಳುವಾಗ ಕೂಸು ಕಿರುಚುತ್ತದೆ. ಕೇಡನ್ನು ಬಿಡುತ್ತೀರಾ, ನಂಬುತ್ತೀರಾ ಎಂಬ ಪ್ರಶ್ನೆಗೆ ತಂದೆತಾಯಿ, ಜ್ಞಾನತಂದೆತಾಯಿ ಉತ್ತರ ಕೊಡುತ್ತಾರೆ. ಬೆಳೆದ ಮೇಲೆ ಹುಡುಗನೋ ಹುಡುಗಿಯೋ ದೃಢೀಕರಣದಲ್ಲಿ ಆ ಮಾತನ್ನು ತಾವೇ ಆಡಬೇಕು. ಕೂಸಿಗೆ ಲಿಂಗ ಕಟ್ಟಿ, ತಿಳಿವಳಿಕೆ ಬಂದಮೇಲೆ ದೀಕ್ಷೆ ಕೊಡಿಸುವ ಲಿಂಗಾಯತ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1525ರಲ್ಲಿ ಜ್ಯೂರಿಕ್‌ನ ಕೆಲವರು ಇದನ್ನು ಒಪ್ಪದೆ ದೊಡ್ಡವರಾದ ಮೇಲೆ ಮತ್ತೆ ಸ್ನಾನ ಪಡೆದರು. ಅದಕ್ಕಾಗಿ ಮುಂದೆ ಕೆಲವರನ್ನು ನದಿಯಲ್ಲಿ ಮುಳುಗಿಸಿ ಕೊಂದದ್ದೂ ಉಂಟು. ಅದೇ ವಾದವನ್ನು ಇಂದು ಪೆಂಟೆಕೋಸ್ಟಲ್ ಸಭೆಗಳು ಮುಂದಿಡುತ್ತವೆ: ನೀನೇ ನಂಬಿ, ನೀನೇ ನೀರಿಗಿಳಿ. ಹಳೆಯ ಸಭೆಗಳು ಎರಡನೆಯ ಸ್ನಾನವನ್ನು ಒಪ್ಪುವುದಿಲ್ಲ. ಮೊದಲನೆಯದರಲ್ಲಿ ಕೆಲಸ ಮಾಡಿದ್ದು ದೇವರು, ಅದನ್ನು ಅಳಿಸಲಾಗದು ಎನ್ನುತ್ತವೆ. ಲೂಥರ್ ಕಾಲದ ಕೃಪೆಯ ಜಗಳಕ್ಕೆ ಕ್ಯಾಥೊಲಿಕರೂ ಲೂಥರನ್ನರೂ 1999ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿ ಬಹುಪಾಲು ತೆರೆ ಎಳೆದರು, ಮೆಥೊಡಿಸ್ಟರು 2006ರಲ್ಲಿ ಕೂಡಿಕೊಂಡರು. ಸ್ನಾನದ ಜಗಳಕ್ಕೆ ಅಂಥ ಸಹಿ ಬಿದ್ದಿಲ್ಲ. ಒಂದೇ ಮನೆಯಲ್ಲಿ ಅಮ್ಮ ಹಳೆಯ ಚರ್ಚಿಗೆ, ಮಗ ಹೊಸ ಸಭೆಗೆ ಹೋಗತೊಡಗಿದರೆ, ಮದುವೆ ಗೊತ್ತಾದ ದಿನ ದೀಕ್ಷಾಸ್ನಾನದ ಪ್ರಮಾಣಪತ್ರ ಯಾವುದು ತರಬೇಕು ಎಂಬಲ್ಲಿಂದ ಮಾತು ಶುರುವಾಗುತ್ತದೆ.