ಕಿಟ್ ಕಾರಿಗೆ ಯಾವ ಚಕ್ರ? ತೂತುಗಳ ಲೆಕ್ಕದ ಹಿಂದಿನ ಕಥೆ

ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟುವ ಹವ್ಯಾಸ ಹಳೆಯದು. ಚಾಸಿ, ಬಾಡಿ ಒಂದು ಕಂಪನಿಯಿಂದ ಕಿಟ್ ಆಗಿ ಬರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಚಕ್ರ ಕೂರುವ ಹಬ್, ಬ್ರೇಕು ಇವನ್ನೆಲ್ಲ ಯಾವುದೋ ಹಳೆಯ ಕಾರಿನಿಂದ ಬಿಚ್ಚಿಕೊಳ್ಳುತ್ತಾರೆ. ಆ ಹಳೆಯ ಕಾರಿಗೆ ಡೋನರ್ ಅನ್ನುತ್ತಾರೆ. ಎಲ್ಲ ಸರಿಹೋಗಿ ಚಕ್ರ ಆರಿಸುವ ಹೊತ್ತಿಗೆ ತುಂಬಾ ಜನ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆಸೆಪಟ್ಟ ಅಲಾಯ್ (ಮಿಶ್ರಲೋಹದ ಚಕ್ರ) ಹಬ್ ಮೇಲೆ ಕೂರುವುದೇ ಇಲ್ಲ. ತೂತುಗಳ ಅಂತರ ಬೇರೆ. ಯಾಕೆ ಹೀಗೆ ಅಂತ ಹುಡುಕಿಕೊಂಡು ಹೋದರೆ, ಯಾವ ಕಾಲದಲ್ಲಿ ಯಾವ ಕಾರು ಗುಜರಿಗೆ ಬೀಳುತ್ತಿತ್ತು ಅನ್ನುವ ಕಥೆ ಬಿಚ್ಚಿಕೊಳ್ಳುತ್ತದೆ.

ಚಕ್ರವನ್ನು ಬಿಗಿಯಲು ಹಬ್ ಮೇಲಿರುವ ಬೋಲ್ಟುಗಳು, ಅಂದರೆ ಸ್ಟಡ್‌ಗಳು, ಒಂದು ವೃತ್ತದ ಮೇಲೆ ನಿಂತಿರುತ್ತವೆ. ಸ್ಟಡ್‌ಗಳ ನಡುಮಧ್ಯದಿಂದ ಹಾದುಹೋಗುವ ಆ ವೃತ್ತದ ವ್ಯಾಸವೇ ಪಿಸಿಡಿ (ಪಿಚ್ ಸರ್ಕಲ್ ಡಯಾಮೀಟರ್). 4×108 ಅಂದರೆ ನಾಲ್ಕು ಸ್ಟಡ್, 108 ಮಿಲಿಮೀಟರ್ ವೃತ್ತ.

ಮೊದಮೊದಲು ಈ ತಲೆನೋವೇ ಇರಲಿಲ್ಲ, ಯಾಕೆಂದರೆ ಚಕ್ರವನ್ನು ಸುಲಭವಾಗಿ ಬಿಚ್ಚಲು ಬರುತ್ತಿರಲಿಲ್ಲ. 1904ರಲ್ಲಿ ವೇಲ್ಸ್‌ನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ತಯಾರಾದ ಹೆಚ್ಚುವರಿ ಚಕ್ರವನ್ನೂ ಪಂಕ್ಚರ್ ಆದ ಚಕ್ರದ ಮೇಲೇ ಕ್ಲ್ಯಾಂಪ್ ಹಾಕಿ ಬಿಗಿಯಬೇಕಿತ್ತು. ನಾವು ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುವ ಸ್ಟೆಪ್ನಿಯ ಮೂಲ ಅದೇ. ಆಮೇಲೆ ನಡುವೆ ಒಂದೇ ದೊಡ್ಡ ನಟ್ ಇರುವ ಕಡ್ಡಿ ಚಕ್ರಗಳು ಬಂದವು. ಅಗ್ಗದ ಸ್ಟೀಲ್ ಡಿಸ್ಕ್ ಬಂದ ಮೇಲೆ ನಾಲ್ಕೈದು ಸ್ಟಡ್ಡಿನ ಪದ್ಧತಿ ಗಟ್ಟಿಯಾಯಿತು. ಆದರೆ ಅಂತರ ಎಷ್ಟಿರಬೇಕು ಅಂತ ಎಲ್ಲರೂ ಕೂತು ಒಂದು ಮಾತಿಗೆ ಬರಲೇ ಇಲ್ಲ. ಪ್ರತಿ ಕಂಪನಿ ತನ್ನ ಬೇರಿಂಗು, ತನ್ನ ಬ್ರೇಕ್ ಡ್ರಮ್ಮಿಗೆ ಹೊಂದುವ ಅಳತೆ ಇಟ್ಟುಕೊಂಡಿತು, ಬ್ರಿಟನ್ನಿನಲ್ಲಿ ಅದೂ ಇಂಚಿನಲ್ಲಿ. ಮಿನಿಗೆ ನಾಲ್ಕು ಇಂಚು, ಅಂದರೆ 101.6 ಮಿ.ಮೀ. ಟ್ರಯಂಫ್ ಹೆರಾಲ್ಡ್, ಸ್ಪಿಟ್‌ಫೈರ್‌ಗೆ ಮೂರೂಮುಕ್ಕಾಲು ಇಂಚು, 95.25. ಫೋರ್ಡ್‌ಗೆ ನಾಲ್ಕೂಕಾಲು, 108. ಸ್ಟೀಲ್ ಚಕ್ರದ ಎಂಜಿಬಿಗೆ ನಾಲ್ಕೂವರೆ, 114.3. ಇವತ್ತು ಜಪಾನಿನ ಎಷ್ಟೋ ಕಾರುಗಳಲ್ಲಿ ಕಾಣುವ 114.3 ಅನ್ನುವ ವಿಚಿತ್ರ ಸಂಖ್ಯೆಯ ಒಳಗಿರುವುದೂ ನಾಲ್ಕೂವರೆ ಇಂಚೇ. ನಮ್ಮ ಹಳೆಯ ವಿಲ್ಲೀಸ್ ಜೀಪಿನ 139.7 ಕೂಡ ಹಾಗೆಯೇ, ಅದು ಐದೂವರೆ ಇಂಚು.

ಕಿಟ್ ಕಾರು ಇದರ ಮಧ್ಯೆ ಕಾಲಿಟ್ಟಿದ್ದು ತೆರಿಗೆಯ ದೆಸೆಯಿಂದ. ಬ್ರಿಟನ್ನಿನಲ್ಲಿ ಪೂರ್ತಿ ಜೋಡಿಸಿದ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ತಂದು ನೀವೇ ಜೋಡಿಸಿಕೊಂಡರೆ ಇರಲಿಲ್ಲ. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಮೇಲೆ ತನ್ನ ಮೊದಲ ಕಾರು ಕಟ್ಟಿದ್ದ, ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್, 1957ರಲ್ಲಿ ಲೋಟಸ್ ಸೆವೆನ್ ಅನ್ನು ಕಿಟ್ ಆಗಿಯೂ ಮಾರಲು ಶುರುಮಾಡಿದರು. 1973ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದು ಈ ಅನುಕೂಲ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಂ ಕಂಪನಿಗೆ ಸಿಕ್ಕಿತು. ತೆರಿಗೆ ಉಳಿತಾಯ ನಿಂತರೂ ಹವ್ಯಾಸ ನಿಲ್ಲಲಿಲ್ಲ.

ಆಗ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತಿದ್ದವು ಫೋರ್ಡ್ ಎಸ್ಕಾರ್ಟ್, ಕಾರ್ಟಿನಾಗಳು. ಅಲ್ಲಿನ ಮಳೆ, ರಸ್ತೆಗೆ ಸುರಿಯುವ ಉಪ್ಪು ಸೇರಿ ಬಾಡಿ ತುಕ್ಕು ಹಿಡಿದು ಉದುರುತ್ತಿತ್ತು. ಎಂಜಿನ್, ಆಕ್ಸಲ್ ಮಾತ್ರ ಗಟ್ಟಿಮುಟ್ಟು. ಕಿಟ್ ಕಟ್ಟುವವನಿಗೆ ಇನ್ನೇನು ಬೇಕು? ಮುಂದೆ ಕಾರ್ಟಿನಾದ ಹಬ್, ಹಿಂದೆ ಎಸ್ಕಾರ್ಟಿನ ಆಕ್ಸಲ್. ಎರಡೂ 4×108. ನಾಲ್ಕೂ ಚಕ್ರಕ್ಕೆ ಒಂದೇ ಅಳತೆ, ಸ್ಟೆಪ್ನಿ ಎಲ್ಲಿ ಬೇಕಾದರೂ ಕೂರುತ್ತದೆ. ಹೀಗೆ ಫೋರ್ಡಿನ ನಾಲ್ಕೂಕಾಲು ಇಂಚು ಬ್ರಿಟಿಷ್ ಕಿಟ್ ಕಾರಿನ ರೂಢಿಯ ಅಳತೆಯಾಯಿತು. ಬೀಚ್ ಬಗ್ಗಿ (ಮರಳಿನ ಮೇಲೆ ಓಡಿಸುವ ತೆರೆದ ಕಾರು) ಕಟ್ಟುವವರದ್ದು ಬೇರೆ ಪಾಡು. ಅವರ ಡೋನರ್ ಫೋಕ್ಸ್‌ವ್ಯಾಗನ್ ಬೀಟಲ್. ಅದರ ಹಳೆಯ 5×205 ಹಬ್ 1960ರ ದಶಕದ ಕೊನೆಯ ಹೊತ್ತಿಗೆ 4×130 ಆಗಿಬಿಟ್ಟಿತು. ಬೀಟಲ್ ಯಾವ ವರ್ಷದ್ದು ಅಂತ ಗೊತ್ತಿಲ್ಲದೆ ಚಕ್ರ ಕೊಂಡರೆ ದುಡ್ಡು ದಂಡ.

1980ರಲ್ಲಿ ಎಸ್ಕಾರ್ಟ್ ಮುಂಚಕ್ರ ಎಳೆಯುವ ಕಾರಾಯಿತು, ಹಿಂಚಕ್ರ ತಳ್ಳುವ ಕಿಟ್‌ಗಳಿಗೆ ಒದಗಲಿಲ್ಲ. ಹಳೆಯ ಎಸ್ಕಾರ್ಟ್‌ಗಳು ಬರಬರುತ್ತಾ ರ‍್ಯಾಲಿಯವರ ಪಾಲಾಗಿ ಬೆಲೆ ಏರಿತು. ಆಮೇಲಿನ ಡೋನರ್ ಸಿಯೆರಾ, ಅದೂ 4×108 ಆದ್ದರಿಂದ ಚಕ್ರದ ಲೆಕ್ಕ ಕೆಡಲಿಲ್ಲ. ಸಿಯೆರಾಗಳೂ ಖಾಲಿಯಾದ ಮೇಲೆ ಬಂದದ್ದು 1989ರಲ್ಲಿ ಹುಟ್ಟಿದ ಮಜ್ದಾ ಎಂಎಕ್ಸ್-5. ಇದರ ಮೊದಲ ಎರಡು ಪೀಳಿಗೆಗೆ 4×100. ಬಿಎಂಡಬ್ಲ್ಯು ಇ36 ಹಿಡಿದವರಿಗೆ 5×120. ಹಳೆಯ ಕಿಟ್ಟಿನಿಂದ ಉಳಿದ ಫೋರ್ಡ್ ಅಲಾಯ್‌ಗಳು ಇವುಗಳ ಮೇಲೆ ಕೂರುವುದಿಲ್ಲ.

ನಿಜವಾದ ಅಪಾಯ ಇರುವುದು ಪೂರ್ತಿ ಬೇರೆ ಅಳತೆಗಳಲ್ಲಿ ಅಲ್ಲ, ಹತ್ತಿರದ ಅಳತೆಗಳಲ್ಲಿ. ಮಿನಿಯ ಹಬ್‌ಗೆ 4×100 ಅಲಾಯ್ ಹಿಡಿದು ನೋಡಿ. ವ್ಯಾಸದಲ್ಲಿ 1.6 ಮಿ.ಮೀ. ವ್ಯತ್ಯಾಸ, ಅಂದರೆ ಒಂದೊಂದು ಸ್ಟಡ್ ತನ್ನ ಜಾಗದಿಂದ 0.8 ಮಿ.ಮೀ. ಆಚೆ. ತೂತು ಸ್ವಲ್ಪ ಅಗಲವಿದ್ದರೆ ಚಕ್ರ ಸ್ಟಡ್‌ಗಳ ಮೇಲೆ ಜಾರಿಬಿಡುತ್ತದೆ. ಮೊದಲ ನಟ್ ಸಲೀಸಾಗಿ ಕೂರುತ್ತದೆ. ಎದುರಿನ ನಟ್ ಬಿಗಿಯುವಾಗ ಅದರ ಇಳಿಜಾರು ಮುಖ ಒಂದೇ ಪಕ್ಕಕ್ಕೆ ಒತ್ತುತ್ತದೆ, ಇನ್ನೊಂದು ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು. ಸ್ಪ್ಯಾನರ್ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಆ ಬಿಗಿಯಲ್ಲಿ ಒಂದಷ್ಟು ಸ್ಟಡ್ಡನ್ನು ಬಗ್ಗಿಸುವುದಕ್ಕೇ ಹೋಗಿರುತ್ತದೆ. ಓಡುತ್ತಾ ಓಡುತ್ತಾ ನಟ್ ಸಡಿಲವಾಗುತ್ತದೆ, ಇಲ್ಲವೇ ಬಗ್ಗಿದ ಸ್ಟಡ್ ದಣಿದು ಮುರಿಯುತ್ತದೆ. ದಯವಿಟ್ಟು ಈ ಸಾಹಸ ಬೇಡ.

ಅಳೆಯುವುದು ಕಷ್ಟವೇನಲ್ಲ. ನಾಲ್ಕು ಸ್ಟಡ್ ಇದ್ದರೆ ವರ್ನಿಯರ್ ಹಿಡಿದು ಒಂದು ಸ್ಟಡ್ಡಿನ ಹೊರ ಅಂಚಿನಿಂದ ಎದುರಿನ ಸ್ಟಡ್ಡಿನ ಒಳ ಅಂಚಿಗೆ ಅಳೆದರೆ ಸಾಕು, ಅದೇ ಪಿಸಿಡಿ. ಐದು ಇದ್ದರೆ ಎದುರುಬದುರು ಯಾವುದೂ ಇರುವುದಿಲ್ಲ. ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುವಿನ ಅಂತರ ತೆಗೆದುಕೊಂಡು 1.701ರಿಂದ ಗುಣಿಸಬೇಕು. 70.5 ಮಿ.ಮೀ. ಬಂದರೆ ಅದು 120ರ ಹಬ್, 65.8 ಬಂದರೆ 112. ತುಕ್ಕು ಹಿಡಿದ ಸ್ಟಡ್ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ, ಮೊದಲು ವೈರ್ ಬ್ರಷ್‌ನಲ್ಲಿ ಉಜ್ಜಿ.

ತೂತು ಹೊಂದಿತು ಅಂದಕೂಡಲೇ ಮುಗಿಯಲಿಲ್ಲ. ನಡುವಿನ ದೊಡ್ಡ ತೂತನ್ನೂ ನೋಡಬೇಕು. ಫೋರ್ಡ್‌ಗೆ 63.4 ಮಿ.ಮೀ., ಎಂಎಕ್ಸ್-5ಗೆ 54.1. ಹೊರಗೆ ಮಾರುವ ಅಲಾಯ್‌ಗಳಲ್ಲಿ ಇದು ಸಾಮಾನ್ಯವಾಗಿ ದೊಡ್ಡದಿರುತ್ತದೆ. ಸಂದು ತುಂಬಲು ಸ್ಪಿಗಾಟ್ ರಿಂಗ್ ಹಾಕದಿದ್ದರೆ ಚಕ್ರ ನಡುವಿಗೆ ಕೂರದೆ ಸ್ಟೀರಿಂಗ್ ನಡುಗಬಹುದು. ನಟ್ಟಿನ ತಳವೂ ಮುಖ್ಯ. ಕೆಲವು ಚಕ್ರಕ್ಕೆ ಶಂಕುವಿನಂತೆ ಇಳಿಜಾರಾದದ್ದು ಬೇಕು, ಫೋಕ್ಸ್‌ವ್ಯಾಗನ್‌ನ ಹಲವು ಚಕ್ರಕ್ಕೆ ಗುಂಡಗಿನದು. ಇದಕ್ಕೆ ಅದು, ಅದಕ್ಕೆ ಇದು ಹಾಕಿದರೆ ಲೋಹ ಲೋಹಕ್ಕೆ ತಾಕುವುದು ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ ಮಾತ್ರ.

ಇನ್ನು ಆಫ್‌ಸೆಟ್. ರಿಮ್ಮಿನ ನಡುಗೆರೆಯಿಂದ ಹಬ್ ಕೂರುವ ಮುಖ ಎಷ್ಟು ಹೊರಗಿದೆ ಅನ್ನುವ ಅಳತೆ. ಚಕ್ರದ ಮೇಲೆ ET 40, ET 15 ಅಂತ ಮಿ.ಮೀ. ಲೆಕ್ಕದಲ್ಲಿ ಇರುತ್ತದೆ. ಅಗಲ ಅಷ್ಟೇ ಇದ್ದು 40ರ ಬದಲು 15 ಹಾಕಿದರೆ ಚಕ್ರ 25 ಮಿ.ಮೀ. ಹೊರಕ್ಕೆ ಬರುತ್ತದೆ, ಎರಡೂ ಬದಿ ಸೇರಿ 50. ಬೇರಿಂಗ್ ಮೇಲಿನ ಎಳೆತ ಜಾಸ್ತಿಯಾಗುತ್ತದೆ, ಸ್ಟೀರಿಂಗ್ ತೂಕ ಬದಲಾಗುತ್ತದೆ. ಪಿಸಿಡಿ ಬದಲಿಸಲು ಸಿಗುವ ಅಡಾಪ್ಟರ್ ತಟ್ಟೆಗಳ ಜೊತೆಯೂ ಇದೇ ತೊಂದರೆ, ಅದರ ದಪ್ಪದಷ್ಟೂ ಚಕ್ರ ಆಚೆ ತಳ್ಳಿಹೋಗುತ್ತದೆ.

ಗಾತ್ರದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಸುಮಾರು 550 ಕಿಲೋ ತೂಗುವ ಸೆವೆನ್ ಮಾದರಿಯ ಕಾರಿಗೆ 17 ಇಂಚಿನ ಚಕ್ರ ಬೇಡ. ಅದರ ತೂಕ ಸಸ್ಪೆನ್ಷನ್ನಿನ ಕೆಳಗೆ ಬೀಳುತ್ತದೆ. ಹಗುರ ಕಾರು ಪ್ರತಿ ಗುಂಡಿಗೂ ಎಗರುತ್ತದೆ. 13 ಇಂಚು ಆ ಕಾರಿಗೆ ಹೇಳಿಮಾಡಿಸಿದ ಗಾತ್ರ. ಆದರೆ ಒಳ್ಳೆಯ 13 ಇಂಚಿನ ಟೈರುಗಳ ಆಯ್ಕೆ ಕಡಿಮೆಯಾಗುತ್ತಿದೆ, ಹಾಗಾಗಿ 15ಕ್ಕೆ ಹೋಗುವವರನ್ನು ತಪ್ಪು ಅನ್ನಲಾರೆ. ಹೋಗುವುದಾದರೆ ಸ್ಪೀಡೋಮೀಟರ್ ಲೆಕ್ಕ ನೋಡಿಕೊಳ್ಳಬೇಕು. 185/60 ಆರ್13 ಟೈರಿನ ಎತ್ತರ ಸುಮಾರು 552 ಮಿ.ಮೀ., 195/50 ಆರ್15ದು 576. ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ. ಮುಂಚೆ ಸರಿಯಾಗಿದ್ದ ಮೀಟರ್ ಈಗ 60 ತೋರಿಸುವಾಗ ಕಾರು 62ರ ಮೇಲೆ ಓಡುತ್ತಿರುತ್ತದೆ.

ಇದು ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. 1998ರಲ್ಲಿ ಬ್ರಿಟನ್ನಿನಲ್ಲಿ ಹೀಗೆ ಒಂದೊಂದಾಗಿ ಕಟ್ಟಿದ ವಾಹನಗಳನ್ನು ರಸ್ತೆಗಿಳಿಸುವ ಮುನ್ನ ನಡೆಸುವ ಎಸ್‌ವಿಎ ಪರೀಕ್ಷೆ ಬಂತು, 2009ರಲ್ಲಿ ಅದರ ಜಾಗಕ್ಕೆ ಐವಿಎ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಟೈರಿನ ಮೇಲೆ ಮಡ್‌ಗಾರ್ಡ್ ಸಾಕಷ್ಟು ಹೊದಿಸಿರಬೇಕು, ಆಫ್‌ಸೆಟ್ ತಪ್ಪಿದವರು ಇಲ್ಲೇ ಎಡವುವುದು. ಹಳೆಯ ಕಡ್ಡಿ ಚಕ್ರದ ಎರಡು ಕಿವಿಯ ನಟ್‌ಗೂ ಜಾಗವಿಲ್ಲ, ದಾರಿಹೋಕರಿಗೆ ತಗುಲೀತು ಅಂತ.

ಹಾಗಾಗಿ ಈಗ ತಿಳಿದವರು ಡೋನರ್ ಕೊಂಡ ದಿನವೇ ಹಬ್ ಅಳೆದು, ಮುಂದೆ ಹಿಂದೆ ಒಂದೇ ಪಿಸಿಡಿ ಇದೆಯಾ ಅಂತ ನೋಡಿಕೊಳ್ಳುತ್ತಾರೆ. ಬೇರೆಬೇರೆ ಇದ್ದರೆ ಎಂಜಿನಿಯರಿಂಗ್ ಶಾಪಿನಲ್ಲಿ ಹಬ್‌ನ ಹಳೆಯ ತೂತುಗಳ ನಡುವೆ ಹೊಸದಾಗಿ ಕೊರೆಸಬಹುದು, ಹಬ್‌ನ ಫ್ಲ್ಯಾಂಜಿನಲ್ಲಿ (ಸ್ಟಡ್ ಕೂರುವ ತಟ್ಟೆಯಲ್ಲಿ) ಅಷ್ಟು ಲೋಹ ಉಳಿದಿದ್ದರೆ. ತೂತೇ ಕೊರೆಯದ ಖಾಲಿ ಅಲಾಯ್ ಇಟ್ಟುಕೊಂಡು, ಕೇಳಿದ ಪಿಸಿಡಿಗೆ ಕೊರೆದುಕೊಡುವ ತಯಾರಕರೂ ಇದ್ದಾರೆ. ಅವರಿಗೆ ಕೊಡಬೇಕಾದ್ದು ಪಿಸಿಡಿ, ನಡುವಿನ ತೂತು, ಆಫ್‌ಸೆಟ್, ನಟ್ಟಿನ ತಳ. ಈ ನಾಲ್ಕನ್ನೂ ಅಳೆದು, ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಆರ್ಡರ್ ಕೊಡಿ.